ಹೊರಗಿನಿಂದ ತೆಗೆದ ಅಳತೆ

ಪುರಸಭೆಯ ನಗರ ಯೋಜನೆ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹಳೆಯ ನಕ್ಷೆಗಳ ಮೇಲಿನ ಉರ್ದು ಓದಿಸಿಕೊಳ್ಳುವುದಕ್ಕೆ ಬರುವವರೇ ಹೆಚ್ಚು. ಕೆಲಸ ಮುಗಿದ ಮೇಲೆ ಚಹಾ ಕುಡಿಯುತ್ತ, "ನಿಮ್ಮ ಕಾಲದಾಗ ಕೆಲಸ ಛಲೋ ಇತ್ತು ಬಿಡ್ರಿ ಸರ, ಇಷ್ಟು ತಕರಾರು ಇರಲಿಲ್ಲ" ಎನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಅವರು ಹೋದ ಮೇಲೆ ಹಾಗೆ ಹೂಂ ಅಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕಂಗ್ಟಿ ಕಡೆಯವನು. ತಾಂಡೂರಿನಲ್ಲಿ ಅಳತೆಯ ಸರಪಳಿ ಹಿಡಿಯುವ ಆಳಾಗಿ ಸೇರಿದೆ, ಸರ್ವೇಯರ್ ಆಗಿ ಹೊರಬಂದೆ. ನಡುವೆ ಯಾವಾಗ ಯಾವ ಕುರ್ಚಿ ಸಿಕ್ಕಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಏಕೆ. ತಾಂಡೂರು, ಜಹೀರಾಬಾದ್, ನಾರಾಯಣಖೇಡ, ಮತ್ತೆ ತಾಂಡೂರು, ಮತ್ತೆ ಜಹೀರಾಬಾದ್ ಹೀಗೆ ಸುತ್ತಾಡಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ನಕ್ಷೆಯಲ್ಲಿ ಉರ್ದು. ಮೂರೂ ಬರುತ್ತಿದ್ದರಿಂದ ಮೂರು ಕಡೆಯ ಬೈಗುಳಗಳೂ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದವು.

ಕೆಲಸ ಕಲಿಸಿದವರು ಖಾಜಾ ಸಾಹೇಬರು. ಹಿರಿಯ ಸರ್ವೇಯರ್. ತೆಳ್ಳಗಿನ ಮನುಷ್ಯ, ಸದಾ ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಪಾನು. ಅವರ ಬಳಿ ಒಂದು ಬಟ್ಟೆಯ ಟೇಪು ಇತ್ತು. ಅದರ ಮೊದಲಿನ ಒಂದು ಅಡಿ ಎಂದೋ ಹರಿದು ಹೋಗಿತ್ತು. ಹೊಸದಕ್ಕೆ ಬರೆದು ಕೇಳಿದರೂ ಬಂದಿರಲಿಲ್ಲ. ಸಾಹೇಬರು ಪ್ರತಿ ಅಳತೆಯಲ್ಲೂ ಮನಸ್ಸಿನಲ್ಲೇ ಒಂದು ಅಡಿ ಕಳೆದು ಬರೆಯುತ್ತಿದ್ದರು. ಅದು ನನಗೆ ಗೊತ್ತಿರಲಿಲ್ಲ. ಅವರು ರಜೆಯಲ್ಲಿದ್ದ ದಿನ ದೊಡ್ಡಸ್ತಿಕೆ ತೋರಿಸಲು ನಾನೊಬ್ಬನೇ ಒಂದು ಇಡೀ ಓಣಿ ಅಳೆದೆ. ಪ್ರತಿ ಮನೆಯೂ ಒಂದು ಅಡಿ ಹೆಚ್ಚಾಗಿ, ಕೂಡಿಸಿ ನೋಡಿದರೆ ಓಣಿಗಿಂತ ಮನೆಗಳೇ ಉದ್ದವಾದವು.

ಮರುದಿನ ಸಾಹೇಬರು ಕಾಗದ ನೋಡಿ ತುಂಬ ಹೊತ್ತು ನಕ್ಕರು. "ಬೇಟಾ, ಎಂಥಾ ಹುನ್ನರ್ ಅದ ನಿನ್ನ ಹಂತ್ಯಾಕ. ಇಲ್ಲದ ಜಾಗ ಹುಟ್ಟಿಸಿದಿ. ಇನ್ನೊಂದು ಮನಿ ಕಟ್ಟಬಹುದು ನೋಡು ಇದರಾಗ" ಎಂದರು. ಬೈಯಲಿಲ್ಲ. ಬಿಸಿಲಲ್ಲಿ ನನ್ನ ಜೊತೆ ನಿಂತು ಓಣಿ ಪೂರ್ತಿ ಮತ್ತೆ ಅಳೆದರು. ಅಂಥ ಮೇಲಧಿಕಾರಿ ಆಮೇಲೆ ನನಗೆ ಸಿಗಲಿಲ್ಲ. ನಾನೂ ನನ್ನ ಕೈಕೆಳಗಿನವರಿಗೆ ಅಂಥವನಾಗಲಿಲ್ಲ.

ಅದೇ ಕಾಲದಲ್ಲಿ ನಡೆದ ಇನ್ನೊಂದು ಸಂಗತಿ ಹೇಳಲೇಬೇಕು. ಕಲ್ಲು ಹಾಸಿದ ದೊಡ್ಡ ಅಂಗಳದ ಮನೆಯೊಂದನ್ನು ಅಳೆಯಬೇಕಿತ್ತು. ನಾನು ಟೇಪಿನ ತುದಿ ಹಿಡಿದು ಹೊಸ್ತಿಲ ಹತ್ತಿರ ಹೋದೆ. ಮನೆಯ ಯಜಮಾನರು ನನ್ನ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರಲ್ಲಿ ನಮ್ಮ ಮನೆ ಯಾವ ದಿಕ್ಕಿಗೆ ಎಂದೂ ಕೇಳಿದರು. ಆಮೇಲೆ, "ಅಲ್ಲೇ ನಿಂದ್ರಪ್ಪಾ. ಟೇಪು ಕೆಳಗ ಇಡು, ಒಳಗ ನಾನೇ ಹಿಡೀತೀನಿ" ಎಂದರು. ನಾನು ಇಟ್ಟೆ. ಸೊಸೆ ಬಂದು ನಾನು ಹಿಡಿದಿದ್ದ ಟೇಪಿನ ತುದಿಯ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಯಜಮಾನರು ಅದನ್ನು ಎತ್ತಿಕೊಂಡು ಒಳಗೆ ಹೋದರು.

ನಮ್ಮಪ್ಪ ಗೌಂಡಿ. ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದವನು. ಬೌದ್ಧ ಧರ್ಮ ತೆಗೆದುಕೊಂಡು, ಮನೆಯಲ್ಲಿ ಬುದ್ಧನ ಪಟ ಇಟ್ಟು, ಇನ್ನು ತಲೆ ತಗ್ಗಿಸಬಾರದು ಎಂದು ನಮಗೆ ಹೇಳುತ್ತಿದ್ದವನು. ಆ ದಿನ ನಾನು ತಲೆ ತಗ್ಗಿಸಿಯೇ ನಿಂತಿದ್ದೆ.

ಖಾಜಾ ಸಾಹೇಬರು ಹೊರಗೆ ಬಂದ ಮೇಲೆ ತಮ್ಮ ಬಸಿಯಲ್ಲಿ ನನಗೆ ಅರ್ಧ ಚಹಾ ಸುರಿದು, "ದಿಲ್‌ಗೆ ಹಚ್ಕೋಬ್ಯಾಡ ಬೇಟಾ. ಮನಿ ಅಳೀಲಿಕ್ಕೆ ಒಳಗ ಹೋಗಬೇಕಂತೇನಿಲ್ಲ. ಹೊರಗಿಂದ ಅಳಿ, ಗ್ವಾಡಿ ಕಳಿ. ಯಾರ ಮೆಹರಬಾನಿ ಯಾಕ ಬೇಕು ನಿನಗ?" ಎಂದರು. ಕಿಟಕಿ, ಬಾಗಿಲಿನ ಚೌಕಟ್ಟು ನೋಡಿ ಗೋಡೆ ಎಷ್ಟು ದಪ್ಪ ಎಂದು ಹೇಳುವುದನ್ನು ಕಲಿಸಿದರು. ಅವರು ನನ್ನ ಮಾನ ಉಳಿಸಲು ಕೊಟ್ಟ ವಿದ್ಯೆ ಅದು. ನಾನು ಅದನ್ನೇ ವ್ರತ ಮಾಡಿಕೊಂಡೆ. ಅವತ್ತಿನಿಂದ ನೌಕರಿ ಮುಗಿಯುವವರೆಗೆ ನಾನು ಅಳೆಯುವ ಮನೆಯ ಹೊಸ್ತಿಲು ದಾಟಲಿಲ್ಲ. ನೀರು ಕೊಟ್ಟರೂ ಹೊರಗೆ ನಿಂತೇ ಕುಡಿದೆ. ನನ್ನ ಹೊರಗಿನ ಅಳತೆ ಬೆರಳಷ್ಟೂ ತಪ್ಪುವುದಿಲ್ಲ ಎಂದು ಮೂರೂ ಊರುಗಳಲ್ಲಿ ಹೆಸರಾಯಿತು. ಒಳಗೊಳಗೆ ನನಗೆ ಅದರ ಜಂಬವೂ ಇತ್ತು.

ಊರುಗಳು ಬೆಳೆದವು. ಜಹೀರಾಬಾದಿನಲ್ಲಿ ಹೆದ್ದಾರಿ ಪಕ್ಕ ಅಳೆಯಲು ನಿಂತರೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ನಮ್ಮ ಟೇಪಿನ ಮೇಲೇ ಹಾದು ಹೋಗುತ್ತಿದ್ದವು. ನಾರಾಯಣಖೇಡ ಪುರಸಭೆಯಾದ ಹೊಸದರಲ್ಲಿ, ರಸ್ತೆ ಗೆರೆ ಎಳೆಯಲು ಹೋದಾಗ ಒಬ್ಬ ಮುದುಕಿ ದಾರಿಗೆ ಅಡ್ಡ ನಿಂತು, "ಊರು ದೊಡ್ಡದಾತಂತ, ಭೇಷ್ ಆತು. ನಮ್ಮ ಎಮ್ಮಿ ಎಲ್ಲಿ ಕಟ್ಟೂದು ಹೇಳ್ರಿ. ಅದಕ್ಕೂ ಪರ್ಮಿಶನ್ ತಗೋಬೇಕೇನು?" ಎಂದು ಕೇಳಿದಳು. ನಾವೆಲ್ಲ ನಕ್ಕೆವು. ನಕ್ಷೆಯಲ್ಲಿ ಎಮ್ಮೆಗೆ ಜಾಗ ಇರಲಿಲ್ಲ. ಈಗ ಯೋಚಿಸಿದರೆ ಅದು ನಗುವ ಪ್ರಶ್ನೆ ಆಗಿರಲಿಲ್ಲ. ಆಕೆಯ ಮನೆಯ ಹಾಲೇ ಆ ಓಣಿಗೆ ಹೋಗುತ್ತಿತ್ತು.

ರಸ್ತೆ ಅಗಲ ಮಾಡಬಾರದಿತ್ತು ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬೆಂಕಿ ಬಿದ್ದರೆ ನೀರಿನ ಗಾಡಿ ಒಳಗೆ ಬರದ ಓಣಿಗಳು ನಮ್ಮಲ್ಲಿದ್ದವು. ಹೆರಿಗೆ ನೋವು ಬಂದ ಹೆಂಗಸನ್ನು ಮಂಚದ ಮೇಲೆ ಹೊತ್ತು ದೊಡ್ಡ ರಸ್ತೆಗೆ ತಂದದ್ದನ್ನು ನೋಡಿದ್ದೇನೆ. ಚರಂಡಿಯ ಮೇಲೆ ಕಲ್ಲು ಹಾಸಿ ಅದರ ಮೇಲೆ ಅಂಗಡಿ ಇಟ್ಟವರೇ ಮಳೆ ಬಂದಾಗ ನೀರು ಒಳಗೆ ಬಂತು ಎಂದು ನಮಗೆ ಬೈಯುತ್ತಿದ್ದರು. ಊರು ಸರಿಯಾಗಬೇಕಿತ್ತು, ಕೆಲವು ಕಡೆ ಚೆನ್ನಾಗಿಯೇ ಆಗಿದೆ. ಆದರೆ ಯಾರ ಮನೆ ಎಷ್ಟು ಹೋಗಬೇಕು ಎಂದು ಹೇಳುವವನು ಸರಿಯಾಗಿ ನೋಡಿರಬೇಕು.

ಸರಪಳಿ ಹೋಗಿ ಟೇಪು ಬಂತು, ಟೇಪು ಹೋಗಿ ಮೂರು ಕಾಲಿನ ಯಂತ್ರ ಬಂತು, ಕೊನೆಗೆ ಡ್ರೋನ್ ಬಂತು. ಹೈದರಾಬಾದಿನಿಂದ ಬಂದ ಇಬ್ಬರು ಹುಡುಗರು ಬೆಳಿಗ್ಗೆ ಅದನ್ನು ಹಾರಿಸಿ, ಮಧ್ಯಾಹ್ನ ಬಿರಿಯಾನಿ ತಿಂದು ಹೋದರು. ವಾರದಲ್ಲಿ ಊರಿನ ನಕ್ಷೆ ಬಂತು. ನಾನು ಎರಡು ವರ್ಷ ತಿರುಗಿದರೂ ಮಾಡಲಾಗದ ಕೆಲಸ. ಅದನ್ನು ಗೋಡೆಗೆ ಅಂಟಿಸಿ ಎಲ್ಲರೂ ನಿಂತು ನೋಡಿದೆವು. ನನಗೂ ಖುಷಿಯಾಯಿತು. ಮೇಲಿನಿಂದ ತೆಗೆದದ್ದು, ಯಾರ ಮನೆಯೊಳಗೂ ಹೋಗಬೇಕಾಗಿಲ್ಲ.

ಇನ್ನು ಹೇಳುವ ಸಂಗತಿ ಯಾವ ಊರಿನದು ಎಂದು ಬರೆಯುವುದಿಲ್ಲ. ಮೂರರಲ್ಲಿ ಯಾವುದಾದರೂ ಒಂದು ಎಂದುಕೊಳ್ಳಿ. ತಪ್ಪು ನನ್ನದು, ಊರಿಗೆ ಏಕೆ ಹಚ್ಚಲಿ.

ಹಳೆಯ ಓಣಿಯೊಂದನ್ನು ಅಗಲ ಮಾಡುವುದಿತ್ತು. ಮೂಲೆಯಲ್ಲಿ ಚಾಂದಸಾಬ ಎಂಬ ದರ್ಜಿಯ ಮನೆ. ಅದು ಪೂರ್ತಿ ಗೆರೆಯೊಳಗೆ ಬಂದಿತ್ತು. ಚಾಂದಸಾಬ ಒಪ್ಪಿ, ಪರಿಹಾರ ತೆಗೆದುಕೊಂಡು ಮಗಳ ಊರಿಗೆ ಹೊರಟಿದ್ದ. ಅದರ ಪಕ್ಕದ್ದು ಮಹಾದೇವಿಯ ಮನೆ. ಲಿಂಗಾಯತರ ಹೆಣ್ಣುಮಗಳು, ನಲವತ್ತು ದಾಟಿರಬೇಕು. ಗಂಡ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಆಕೆ ನಾದಿನಿಯ ಜೊತೆ ಸೇರಿ ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೂ ಆಫೀಸಿನವರಿಗೂ ಕೊಡುತ್ತಿದ್ದಳು. ಆಕೆಯ ಮನೆಗೆ ಕೆಡಹಬೇಕೆಂಬ ನನ್ನ ಕೆಂಪು ಬಣ್ಣದ ಗುರುತು ಬಿದ್ದಿರಲಿಲ್ಲ, ಬರೀ ಮುಂದಿನ ಮೆಟ್ಟಿಲಿಗೆ ಬಿದ್ದಿತ್ತು.

ನಾನು ಗುರುತು ಹಾಕುತ್ತಿದ್ದಾಗ ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಸಾಬರ ಮನಿ ಪೂರಾ ಕೆಡವತೀರೇನ್ರಿ ಅಣ್ಣಾ?"

"ಹೂಂನವ್ವಾ, ಪೂರಾ ಹೋಗ್ತದ. ನಿಮ್ದು ಬರೇ ಮೆಟ್ಟಲು."

"ನಡುವಿನ ಗ್ವಾಡಿ?"

"ಅದು ಅವರ ಲೆಕ್ಕದಾಗ ಬಂದದ. ನಿಮ್ಮ ಗ್ವಾಡಿ ನಿಮಗಿರ್ತದ."

"ಅವರದೊಂದು ನಮ್ಮದೊಂದು ಇಲ್ರಿ ಅಣ್ಣಾ. ಎರಡೂ ಮನಿಗೆ ಒಂದೇ ಗ್ವಾಡಿ. ನಮ್ಮ ಗೂಡಿನಾಗ ದೀಪ ಹಚ್ಚಿಟ್ರ ಆ ಕಡಿ ಅವರ ಗ್ವಾಡಿ ಬೆಚ್ಚಗಾಗ್ತದ. ಅವರು ಮಸಾಲಿ ಕುಟ್ಟಿದ್ರ ನಮ್ಮ ಗಡಗಿ ಅಲ್ಲಾಡ್ತಾವ. ನಮ್ಮ ಜಂತಿ ಎಲ್ಲಾ ಅದರ ಮ್ಯಾಲೇ ಕುಂತಾವ. ನೀವು ಒಳಗ ಬಂದು ನೋಡ್ರಿ."

ಗೌಂಡಿಯ ಮಗನಿಗೆ ಇದು ತಿಳಿಯದ ವಿಷಯವಲ್ಲ. ಹಳೆಯ ಓಣಿಗಳಲ್ಲಿ ಜೊತೆಗಿದ್ದವರು ಕಲ್ಲು ಮಣ್ಣು ಉಳಿಸಲು ನಡುವೆ ಒಂದೇ ಗೋಡೆ ಕಟ್ಟಿ, ಎರಡೂ ಕಡೆಯ ಜಂತಿಗಳನ್ನು ಅದರ ಮೇಲೆ ಕೂರಿಸುವುದು ಇದ್ದದ್ದೇ. ಅಪ್ಪನೇ ಅಂಥ ಗೋಡೆಗಳನ್ನು ಕಟ್ಟಿದ್ದ. ಒಳಗೆ ಹೋಗಿ ಗೂಡಿನ ಆಳ ನೋಡಿದ್ದರೆ, ಜಂತಿಯ ತುದಿ ನೋಡಿದ್ದರೆ, ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಹೊರಗಿನಿಂದ ಗಾರೆ ಮೆತ್ತಿದ ಮುಖ ಮಾತ್ರ ಕಾಣುತ್ತಿತ್ತು. ನಕ್ಷೆಯಲ್ಲಿ ಮೇಲಿನಿಂದ ಕಂಡ ಎರಡು ಮಣ್ಣಿನ ಮಾಳಿಗೆ, ನಡುವೆ ಒಂದು ಗೆರೆ.

ನಾನು ಹೊಸ್ತಿಲ ಮುಂದೆ ನಿಂತೆ. ಈಕೆಗೆ ನಾನು ಯಾರು ಎಂದು ಗೊತ್ತಿಲ್ಲ, ಗೊತ್ತಿದ್ದರೆ ಕರೆಯುತ್ತಿದ್ದಳೇ ಎಂಬ ಯೋಚನೆ ಬಂತು. ಒಳಗೆ ಹೋದ ಮೇಲೆ ಊರು ಕೇಳುತ್ತಾಳೆ, ಅಪ್ಪನ ಹೆಸರು ಕೇಳುತ್ತಾಳೆ. ಆ ವಯಸ್ಸಿನಲ್ಲಿ ಮತ್ತೊಮ್ಮೆ ಅದನ್ನು ತಾಳುವ ಶಕ್ತಿ ನನಗಿರಲಿಲ್ಲ.

"ಒಳಗ ಬರೂದೇನೂ ಬ್ಯಾಡವ್ವಾ. ನನ್ನ ಅಳತಿ ಎಂದೂ ತಪ್ಪಿಲ್ಲ" ಎಂದೆ.

"ಬರ್ರಿ ಅಣ್ಣಾ, ಒಂದು ಕಪ್ ಚಾ ಕುಡಿದಂಗೂ ಆಗ್ತದ."

"ನಿಶ್ಚಿಂತಿ ಇರು. ನಿಮ್ಮ ಮನೀಗಿ ಏನೂ ಆಗೂದಿಲ್ಲ." ಹಾಗೆ ಮಾತು ಕೊಟ್ಟು ಮುಂದಿನ ಮನೆಗೆ ಹೋದೆ.

ಕೆಡಹುವ ದಿನ ಬೆಳಿಗ್ಗೆ ನೋಡಿದರೆ ಮಹಾದೇವಿ ತನ್ನ ಸಾಮಾನೆಲ್ಲ ತಂದು ಎದುರಿನ ಕಟ್ಟೆಯ ಮೇಲೆ ಇಟ್ಟಿದ್ದಳು. ಹಂಚು, ಹಿಟ್ಟು ನಾದುವ ಕೊಣಮಿಗೆ, ಜೋಳದ ಚೀಲ, ಹಾಸಿಗೆ. ನಾದಿನಿ ಪಕ್ಕದಲ್ಲಿ ಕೂತಿದ್ದಳು. "ಏನವ್ವಾ, ಜಾತ್ರಿಗಿ ಹೊಂಟೀರೇನು?" ಎಂದು ನಾನು ಚೇಷ್ಟೆ ಮಾಡಿದೆ.

ಚಾಂದಸಾಬನ ಮನೆಯ ಮೂರು ಗೋಡೆ ಹೋದವು. ಜೆಸಿಬಿ ಓಡಿಸುವವನು ಇಂಜಿನು ನಿಲ್ಲಿಸಿ, ನಡುವಿನ ಗೋಡೆ ತೋರಿಸಿ, ಇದು ಯಾರದು ಎಂದು ಕೇಳಿದ. ಆ ಹುಡುಗನಿಗೆ ಅನುಮಾನ ಬಂದಿತ್ತು. ನನಗೆ ಬರಲಿಲ್ಲ. ಮೂಲೆ ಮನೆಯದೇ, ತೆಗಿ ಎಂದೆ. ಅವನು ಮೇಲಿನಿಂದ ಒಮ್ಮೆ ಎಳೆದ. ಗೋಡೆಯ ಜೊತೆ ಮಹಾದೇವಿಯ ಮನೆಯ ಜಂತಿಗಳು ಒಂದೊಂದಾಗಿ ಜಾರಿ, ಮಾಳಿಗೆಯ ಮಣ್ಣೆಲ್ಲ ಒಳಗೆ ಕುಸಿಯಿತು. ಧೂಳು ಇಳಿದ ಮೇಲೆ ಹಿಂದಿನ ಗೋಡೆಯೊಂದು ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ. ಆಕೆ ನನ್ನ ಮಾತು ನಂಬದೆ ಇದ್ದದ್ದರಿಂದ ಇಬ್ಬರ ಜೀವ ಉಳಿಯಿತು.

ಆಕೆ ಕಟ್ಟೆಯ ಮೇಲಿದ್ದ ಹಾಸಿಗೆಯ ಧೂಳು ಕೊಡವತೊಡಗಿದಳು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ. ಆಮೇಲೆ ನಾನು ಮಾಡಿದ್ದು ಪಾಪ. ಸಂಜೆ ಪುರಸಭೆಯ ಕಮಿಷನರ್ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ದನಿ ಎತ್ತಿದವರಲ್ಲ. "ಗೋಡೆ ಬಹಳ ಹಳೆಯದಿತ್ತಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದರು. ಹಳೆಯದಿತ್ತು ಎಂದೆ. "ಹಾಗೇ ಬರೆದುಬಿಡಿ. ನಿಮಗೂ ನಿವೃತ್ತಿ ಹತ್ತಿರ ಬಂತು" ಎಂದರು. ಪಕ್ಕದ ಮನೆ ಮೊದಲೇ ಶಿಥಿಲವಾಗಿತ್ತು, ಕೆಲಸ ನಡೆಯುವಾಗ ತಾನಾಗಿ ಕುಸಿಯಿತು ಎಂದು ನನ್ನ ಕೈಯಾರೆ ಬರೆದು ರುಜು ಹಾಕಿದೆ. ತಾನಾಗಿ ಬಿದ್ದ ಮನೆಗೆ ಪರಿಹಾರವಿಲ್ಲ ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು. ಪಿಂಚಣಿ ನಿಂತರೆ ಗತಿ ಏನು ಎಂಬ ಹೆದರಿಕೆ. ಆಕೆಯ ಗತಿ ಏನು ಎಂದು ಅನ್ನಿಸಲಿಲ್ಲವೇ ಎಂದರೆ, ಅನ್ನಿಸಿತು. ಅನ್ನಿಸಿದರೂ ಬರೆದೆ.

ಮಹಾದೇವಿ ಹೆದ್ದಾರಿಯ ಆಚೆ ಎರಡು ಕೋಣೆಯ ಬಾಡಿಗೆ ಮನೆಗೆ ಹೋದಳು. ಮನೆಯೊಡೆಯ ಸೌದೆ ಒಲೆ ಹೂಡಲು ಬಿಡಲಿಲ್ಲ. ಗ್ಯಾಸಿನ ಮೇಲೆ ಬೇಯಿಸಿದರೆ ಹೋಟೆಲಿನವರಿಗೆ ಸೇರಲಿಲ್ಲ, ಅಷ್ಟು ದೂರ ಬಂದು ಒಯ್ಯುವವರೂ ಇರಲಿಲ್ಲ. ರೊಟ್ಟಿಯ ವ್ಯಾಪಾರ ನಿಂತಿತು. ಆಕೆ ಪರಿಹಾರಕ್ಕಾಗಿ ಮೇಲಿನ ಕಚೇರಿಗೆ ಅರ್ಜಿ ಹಾಕಿದಳು. ಚಾಂದಸಾಬ ಸಾಕ್ಷಿ ಹೇಳಲು ಬರಲಿಲ್ಲ. ಆ ಗೋಡೆ ಪೂರ್ತಿ ತನ್ನದೆಂದು ಪರಿಹಾರ ಪಡೆದವನು ಹೇಗೆ ಬಂದಾನು? ಅದನ್ನು ಪೂರ್ತಿ ಅವನದೆಂದು ಬರೆದವನೂ ನಾನೇ.

ನಿವೃತ್ತಿಯಾಗಿ, ಪಿಂಚಣಿ ಕೈಗೆ ಬರಲು ಶುರುವಾದ ಮೇಲೆ ನನಗೆ ಧೈರ್ಯ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ನಾನು ಬರೆದದ್ದು ಸುಳ್ಳು, ಗೋಡೆ ಎರಡೂ ಮನೆಗೆ ಸೇರಿದ್ದು, ಆ ಹೆಣ್ಣುಮಗಳು ಮೊದಲೇ ಹೇಳಿದ್ದಳು ಎಂದು ಕಾಗದ ಬರೆದುಕೊಂಡು ವಿಚಾರಣೆಯ ದಿನ ಹೋದೆ. ಮಹಾದೇವಿ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬಂದ್ರೇನ್ರಿ ಅಣ್ಣಾ" ಎಂದಳು. ಅಷ್ಟೇ.

ವಿಚಾರಣೆ ಮಾಡುವ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಬೀದರ್ ಕಡೆಯವಳಂತೆ, ಕನ್ನಡ ಬರುತ್ತಿತ್ತು. ನನ್ನ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಕಡತ ತಿರುವುತ್ತ ಕೇಳಿದಳು.

"ಒಳಗಿನ ಅಳತಿ ಎಲ್ಲಿ ಅದರಿ?"

"ಇಲ್ರಿ ಮೇಡಮ್."

"ಗ್ವಾಡಿ ಎಷ್ಟು ದಪ್ಪ ಇತ್ತು, ಜಂತಿ ಹೆಂಗ ಕೂಡಿಸಿದ್ರು, ಒಂದು ಫೋಟೋ, ಒಂದು ಗೆರಿ, ಏನರೆ?"

"ಏನೂ ಇಲ್ರಿ."

ಆಕೆ ಪೆನ್ನು ಕೆಳಗಿಟ್ಟಳು. "ಆಗ ಒಂದು ಬರ್ದೀರಿ, ಈಗ ಒಂದು ಹೇಳ್ತೀರಿ. ಎರಡೂ ಮನಿ ಈಗ ನೆಲದ ಮ್ಯಾಲಿಲ್ಲ. ನಿಮ್ಮ ಮಾತು ಖರೇ ಅಂತ ನನಗ ಅನಸ್ತದ, ಖರೇ. ಆದ್ರ ಅನಿಸಿಕಿ ಮ್ಯಾಲ ನಾ ಏನೂ ಕೊಡಸಾಕ ಬರಂಗಿಲ್ಲ. ಒಳಗಿಂದೊಂದು ಅಳತಿ ಇದ್ದಿದ್ರ ಇವತ್ತೇ ಬರದು ಕೊಡ್ತಿದ್ದೆ."

ಆಕೆ ಮತ್ತೆ ಕೇಳಿದಳು, "ಇಷ್ಟು ವರ್ಷದ ಸರ್ವಿಸು ನಿಮ್ದು. ಒಳಗ ಯಾಕ ಹೋಗಲಿಲ್ಲರಿ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಕೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಹೇಳಿದೆ. ಸರಪಳಿ ಹಿಡಿಯುವ ಕಾಲದಲ್ಲಿ ಒಂದು ಮನೆಯಲ್ಲಿ ಹೊಸ್ತಿಲ ಹೊರಗೆ ನಿಲ್ಲಿಸಿದರು, ನಾನು ಮುಟ್ಟಿದ ಟೇಪಿಗೆ ನೀರು ಹಾಕಿದರು, ಅಂದಿನಿಂದ ಯಾರ ಮನೆಯೊಳಗೂ ಕಾಲಿಡಬಾರದು ಎಂದುಕೊಂಡೆ, ಈ ಮನೆಯಲ್ಲೂ ಹಾಗೇ ಹೊರಗೇ ನಿಂತೆ ಎಂದೆ. ಇಷ್ಟು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದು ಎಷ್ಟು ಸಣ್ಣ ಮಾತು ಎಂದೂ ಅನ್ನಿಸಿತು, ಅದೇ ಹೊತ್ತಿಗೆ ಕಣ್ಣಲ್ಲಿ ನೀರೂ ಬಂತು.

ಮಹಾದೇವಿ ಎದ್ದು ನಿಂತಳು. ಅಧಿಕಾರಿಯ ಕಡೆ ನೋಡಲಿಲ್ಲ, ನನ್ನ ಕಡೆಗೇ ನೋಡಿ ಹೇಳಿದಳು.

"ನಿಮ್ಮ ಊರು ಯಾವ್ದು, ನೀವು ಯಾರ ಪೈಕಿ ಅಂತ ನನಗ ಮೊದಲೇ ಗೊತ್ತಿತ್ತರಿ ಅಣ್ಣಾ. ನಿಮ್ಮ ಆಫೀಸಿನವರು ನನ್ನ ಹಂತ್ಯಾಕೇ ರೊಟ್ಟಿ ಒಯ್ತಿದ್ರು, ಎಲ್ಲಾ ಹೇಳತಿದ್ರು. ಗೊತ್ತಿದ್ದೇ ಕರ್ದಿದ್ದೆ. ಎರಡು ಸಲ ಕರ್ದಿದ್ದೆ."

ಅಧಿಕಾರಿ ಪೆನ್ನು ಎತ್ತಿಕೊಂಡು ಅದನ್ನೂ ಬರೆದುಕೊಂಡಳು.